ಮಂಡಿಯೂರಲು ಬಿಡದ ಸೂಟು

ರೀ ತ್ರಾಯಾನ್,

ಚರ್ಚಿನ ಕಸ ಗುಡಿಸಲು ಮೊದಲೇ ಹೊರಟೆ. ಎಲೆಕೋಸಿನ ಸುರುಳಿ ಒಲೆಯ ಮೇಲಿದೆ, ಎರಡೇ ತಿನ್ನಿ.

ಕ್ಲೂಜ್ ನಗರದ ಪಾಸ್ಟರುಗಳ ತರಬೇತಿಯಲ್ಲಿ ಹೇಳಿದರೆಂದು ಕೊಂಡ ಆ ಬಿಗಿ ಸೂಟು ಹುಡುಕಬೇಡಿ, ಬಚ್ಚಿಟ್ಟಿದ್ದೇನೆ. ಅದರಿಂದ ನಿಮಗೆ ಆತ್ಮವಿಶ್ವಾಸ ಬಂತೋ ಇಲ್ಲವೋ, ಬಗ್ಗಲು ಮಾತ್ರ ಆಗಲಿಲ್ಲ. ಕಳೆದ ಭಾನುವಾರ ಸಭೆಯೆಲ್ಲ ಮಂಡಿಯೂರಿ ಪ್ರಾರ್ಥಿಸುವಾಗ ನೀವೊಬ್ಬರೇ ಕಂಬದ ಹಾಗೆ ನಿಂತಿದ್ದಿರಿ. ಪ್ಯಾಂಟು ಹರಿಯುವ ಭಯವೆಂದು ನನಗೆ ಗೊತ್ತು, ಸವೇತಾ ಅಜ್ಜಿಗೆ ಗೊತ್ತಿಲ್ಲ. "ಏನಮ್ಮಾ, ನಿನ್ ಗಂಡ ದೇವ್ರಿಗಿಂತ ದೊಡ್ಡೋನಾಗ್ಬಿಟ್ನಾ?" ಎಂದು ಬಾವಿಯ ಹತ್ತಿರ ಎಲ್ಲರೆದುರೇ ಕೇಳಿದರು.

ನಿಮ್ಮನ್ನು ಪಾಸ್ಟರಾಗಿ ಉಳಿಸಿಕೊಳ್ಳಬೇಕೋ ಬೇಡವೋ ಎಂದು ಸಭೆಯವರೆಲ್ಲ ಕೈಯೆತ್ತಿ ತೀರ್ಮಾನಿಸುವುದು ಇವತ್ತೇ. ಹಳೆಯ ಕಪ್ಪು ಪ್ಯಾಂಟು ಇಸ್ತ್ರಿ ಮಾಡಿ ಕುರ್ಚಿಯ ಮೇಲಿಟ್ಟಿದ್ದೇನೆ. ಮಂಡಿಯ ಹತ್ತಿರ ಒಳಗಿನಿಂದ ತೇಪೆಯನ್ನೂ ಹಾಕಿದ್ದೇನೆ. ಮೊದಲು ಮಂಡಿಯೂರಿ. ಆಮೇಲೆ ನೋಡಿ, ಎಲ್ಲರಿಗಿಂತ ಮುಂಚೆ ಮೇಲೇಳುವುದು ನನ್ನ ಕೈ.

ವೆರೋನಿಕಾ