ಕೆರೆಯಲ್ಲಿ ಬೆಳೆದ ಭತ್ತ

ಅಣ್ಣಾ,

ಕುಶಲ ವಿಚಾರಿಸುವಷ್ಟು ತಾಳ್ಮೆ ಇವತ್ತು ನನಗಿಲ್ಲ. ನೇರ ವಿಷಯಕ್ಕೆ ಬರುತ್ತೇನೆ.

ನಿನ್ನ ಇಲಾಖೆಯ ಬೆಳೆ ನಕ್ಷೆಯಲ್ಲಿ ನಮ್ಮೂರ ಕೆರೆ ಭತ್ತದ ಗದ್ದೆಯಾಗಿದೆ. ಅಲ್ಲಿರುವುದು ಭತ್ತವಲ್ಲ, ನೀರಿನ ಮೇಲೆಲ್ಲ ಹಬ್ಬಿದ ಅಂತರಗಂಗೆ ಕಳೆ. ಉಪಗ್ರಹಕ್ಕೆ ಮೇಲಿನಿಂದ ಹಸಿರು ಕಂಡಿತು, ಅಷ್ಟೇ. ಸ್ಥಳಕ್ಕೆ ಹೋಗಿ ನೋಡಿ ಬರಲೆಂದೇ ತಾನೆ ನನ್ನಂಥವರನ್ನು ನೀವು ಕೆಲಸಕ್ಕೆ ಇಟ್ಟುಕೊಂಡಿರುವುದು? ನಾನು ದಂಡೆಯ ಮೇಲೆ ನಿಂತು ನೋಡಿ, ವರದಿ ಕಳಿಸಿದೆ. ನೀನು ಫೋನಿನಲ್ಲಿ ನಕ್ಕುಬಿಟ್ಟೆ. "ಉಪಗ್ರಹ ಸುಳ್ಳು ಹೇಳಲ್ಲ ಕಣೆ. ಈ ಸಲ ಭತ್ತ ಜಾಸ್ತಿ ಅಂತ ಮೇಲಿನೋರೂ ಖುಷಿಯಾಗಿದಾರೆ, ಸುಮ್ನಿರು" ಎಂದೆ. ಹಾಗೆ ಇಡೀ ದೇಶದ ಕಣ್ಣಿಗೆ ಮಣ್ಣೆರಚಿದೆ.

ನಿನ್ನೆ ಮೀನು ಹಿಡಿಯುವವರು ಕಳೆ ತೆಗೆಸಿಕೊಡಿ ಎಂದು ನೀರಾವರಿ ಕಚೇರಿಗೆ ಹೋಗಿದ್ದರು. ಅಲ್ಲಿನ ಸಾಹೇಬರು ನಿನ್ನ ನಕ್ಷೆ ಬಿಚ್ಚಿ, "ಕೆರೆ ಎಲ್ಲಿದೆ ರೀ? ನಿಂತ ಬೆಳೆ ಕೀಳೋಕಾಗುತ್ತಾ?" ಎಂದು ಬೈದು ಅಟ್ಟಿದರಂತೆ. ದೋಣಿಗಳು ಕಳೆಯಲ್ಲಿ ಸಿಕ್ಕಿ ನಿಂತಿವೆ. ಉಸಿರುಕಟ್ಟಿ ಸತ್ತ ಮೀನು ದಂಡೆಯುದ್ದಕ್ಕೂ ನಾರುತ್ತಿದೆ. ಮೀನು ಮಾರುವ ಅತ್ತೆ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಭಾನುವಾರ ಬಾ. ಊಟ ಇಲ್ಲೇ, ಅಮ್ಮನಿಗೆ ಹೇಳಿದ್ದೇನೆ. ಇನ್ನೊಂದು ಜೊತೆ ಬಟ್ಟೆ ತಗೊಂಡು ಬಾ. ನಿನ್ನ ಭತ್ತದ ಗದ್ದೆಯೊಳಗೆ ಒಂದು ಸುತ್ತು ನಡೆದು ತೋರಿಸು. ಮುಳುಗಿದರೆ ಎಳೆದು ಹಾಕಲು ನಾನಿದ್ದೇನೆ. ನನಗೆ ಈಜು ಕಲಿಸಿದವನು ನೀನೇ ಅಲ್ಲವೇ, ಅದೇ ಗದ್ದೆಯಲ್ಲಿ?

ಇನ್ನೂ ದಂಡೆಯ ಮೇಲೇ ನಿಂತಿರುವ
ನಿನ್ನ ತಂಗಿ