ಅಂಧೇರಿಗೆ ಬಾರದ ನಾಯಕಿ

ಗೋರೆಗಾಂವ್, ಮುಂಬಯಿ
ಮಂಗಳವಾರ, 27 ನವೆಂಬರ್ 1956

ಪ್ರೀತಿಯ ಚಂದ್ರಾ,

ಹೇಗಿದ್ದೀ? ಕಾಲಿನ ಬಾವು ಇಳಿಯಿತೇ? ಏಳು ತಿಂಗಳು ತುಂಬಿದ ಮೇಲೆ ನೀರು ಸೇದುವ ಉಸಾಬರಿ ಬೇಡವೆಂದು ಅವ್ವ ಪಕ್ಕದಲ್ಲೇ ಕೂತು ಬರೆಸುತ್ತಿದ್ದಾಳೆ. ಬೆಲ್ಲ ಹೆಚ್ಚು ತಿನ್ನಬೇಡವಂತೆ, ಹೊಸ್ತಿಲ ಮೇಲೆ ಕೂಡ್ರಬೇಡವಂತೆ, ಇನ್ನೂ ಏನೇನೋ ಇವೆ, ಅವನ್ನೆಲ್ಲ ನಿಮ್ಮ ಅವ್ವನೂ ಹೇಳುತ್ತಿರಬಹುದೆಂದು ಬಿಟ್ಟಿದ್ದೇನೆ. ಅವರಿಗೂ ನಿಮ್ಮಣ್ಣ ಶೆಟ್ಟೆಪ್ಪನವರಿಗೂ ನನ್ನ ಶರಣು ತಿಳಿಸು. ಬಿಜಾಪುರದಲ್ಲಿ ಥಂಡಿ ಸುರುವಾಗಿರಬೇಕು. ಇಲ್ಲಿ ಇನ್ನೂ ಬೆವರು. ಈ ತಿಂಗಳ ಮೊದಲ ತಾರೀಖಿನಿಂದ ನೀವು ಮೈಸೂರು ರಾಜ್ಯದವರಾದಿರಿ, ನಾವು ಮುಂಬಯಿ ರಾಜ್ಯದಲ್ಲೇ ಉಳಿದೆವು. ಗಂಡ ಒಂದು ರಾಜ್ಯ, ಹೆಂಡತಿ ಒಂದು ರಾಜ್ಯ ಎಂದು ಕೆಳಗಿನ ಹೋಟೆಲಿನ ಚೆನ್ನಯಣ್ಣ ನನ್ನನ್ನು ದಿನಾ ಕಾಡುತ್ತಾನೆ.

ಈಗ ಸುದ್ದಿಗೆ ಬರುತ್ತೇನೆ. ಶುಕ್ರವಾರ ಅಂಧೇರಿಯ ಟಾಕೀಸಿನ ಮುಂದೆ ನಡೆದ ಗಲಾಟೆ ಪೇಪರಿನಲ್ಲಿ ಬಂದಿದೆ. ನಿಮ್ಮಣ್ಣ ಓದಿ ಹೇಳಿರಬಹುದು, ಬಸುರಿ ಹೆಂಗಸಿಗೆ ಯಾಕೆ ಎಂದು ಮುಚ್ಚಿಟ್ಟಿರಲೂಬಹುದು. ಮೊದಲು ಇದನ್ನು ಓದಿಕೋ: ಅವ್ವ ಮತ್ತು ನಾನು ಇಬ್ಬರೂ ನೆಟ್ಟಗಿದ್ದೇವೆ. ನನ್ನ ಹುಬ್ಬಿನ ಮೇಲೆ ಹೊಲಿಗೆ ಹಾಕಿದ್ದಾರೆ, ಅವ್ವನ ಮೊಣಕೈ ತರಚಿದೆ. ಅದಕ್ಕಿಂತ ಹೆಚ್ಚಿನದು ಏನೂ ಇಲ್ಲ. ಇನ್ನು ಧೈರ್ಯವಾಗಿ ಕೂತು ಓದು.

ನಿಮ್ಮ ಮನೆಯಲ್ಲಿ ಅಳಿಯನ ಕೆಲಸ ಎಂಥದು ಎಂದು ಕೇಳಿದವರಿಗೆ ನೀನು 'ಸಿನೆಮಾ ಕಂಪನಿಯ ಸಾರ್ವಜನಿಕ ಸಂಪರ್ಕ ವಿಭಾಗ' ಎಂದು ಒಂದೇ ಉಸಿರಿನಲ್ಲಿ ಹೇಳುತ್ತೀ, ಅವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ನಿಜಕ್ಕೂ ನಾನು ಮಾಡುವುದೇನು? ಬೆಳಿಗ್ಗೆ ಲೋಕಲ್‌ನ ಬಾಗಿಲಿಗೆ ಜೋತುಬಿದ್ದು ಸ್ಟುಡಿಯೋ ಸೇರುವುದು, ಪೇಪರಿನವರಿಗೆ ಚಹಾ ಬಟಾಟೆ ವಡೆ ಕೊಡಿಸುವುದು, ನಾಯಕ ಮುಂಜಾನೆ ಎದ್ದು ಏನು ತಿನ್ನುತ್ತಾನೆ, ನಾಯಕಿ ಯಾವ ದೇವರಿಗೆ ನಡೆದುಕೊಳ್ಳುತ್ತಾಳೆ ಎಂದು ಚೆಂದಾಗಿ ಬರೆದು ಕಳಿಸುವುದು, ಅವರಿಬ್ಬರೂ ಮಾತು ಬಿಟ್ಟಿರುವುದನ್ನು ಹೊರಗೆ ಬಿಡದಿರುವುದು. ಈ ಕೆಲಸ ನನಗೆ ಸೇರಿತ್ತು, ಚಂದ್ರಾ. ಬುಧವಾರ ಸಂಜೆ ಚೆನ್ನಯಣ್ಣನ ಹೋಟೆಲಿನಲ್ಲಿ ಸಿಲೋನ್ ರೇಡಿಯೋ ಹಾಕಿದಾಗ ನಮ್ಮ ಕಂಪನಿಯ ಹಾಡು ಬಂದರೆ ಅದನ್ನು ನಾನೇ ಹಾಡಿದವನ ಹಾಗೆ ಕಾಲರ್ ನೆಟ್ಟಗೆ ಮಾಡಿಕೊಳ್ಳುತ್ತಿದ್ದೆ. ನಿನಗೆ ಅಳುವ ಚಿತ್ರ ಬೇಕು, ನನಗೆ ರವಿವಾರ ಬೆಳಗಿನ ಇಂಗ್ಲಿಷ್ ಚಿತ್ರ ಬೇಕು. ಅವ್ವನಿಗೆ ಮಾತ್ರ ಎಲ್ಲವೂ ಬೇಕು. ಹಿಂದಿಯ ಒಂದು ಅಕ್ಷರ ಬಾರದಿದ್ದರೂ ಯಾವನು ಮೋಸಗಾರ ಎಂದು ಅವಳು ಮೊದಲ ರೀಲಿನಲ್ಲೇ ಹೇಳಿಬಿಡುತ್ತಾಳೆ.

ಶುಕ್ರವಾರ ನಮ್ಮ ಹೊಸ ಚಿತ್ರ ಬಿಡುಗಡೆ ಇತ್ತು. ನೀನು ಯಾರ ಹಾಗೆ ಜಡೆ ಹಾಕಿಕೊಳ್ಳಲು ಹೋಗಿ ನಿಮ್ಮ ಅವ್ವನ ಕೈಯಲ್ಲಿ ಬೈಸಿಕೊಂಡೆಯೋ ಅವಳದೇ ಚಿತ್ರ. ಮಧ್ಯಾಹ್ನದ ಆಟಕ್ಕೆ ನಾಯಕಿ ಸ್ವತಃ ಅಂಧೇರಿಯ ಟಾಕೀಸಿಗೆ ಬಂದು ಜನರಿಗೆ ಕೈಮುಗಿಯುತ್ತಾಳೆ ಎಂದು ವಾರದ ಮೊದಲೇ ಸಾರಿದ್ದೆವು. ಬರೆದವನು ನಾನೇ. ಟಾಂಗಾಕ್ಕೆ ಧ್ವನಿವರ್ಧಕದ ಭೋಂಗಾ ಕಟ್ಟಿ ಗೋರೆಗಾಂವ್‌ನಿಂದ ಅಂಧೇರಿಯವರೆಗೆ ಕೂಗಿಸಿದವನೂ ನಾನೇ. ನಮ್ಮ ಚಾಳಿನಲ್ಲಿ ಅವ್ವನ ಗತ್ತು ನೀನು ನೋಡಬೇಕಿತ್ತು. ನಲ್ಲಿಯ ಹತ್ತಿರ, ಗಿರಣಿಯ ಹತ್ತಿರ, ಎಲ್ಲೆಲ್ಲೂ ಒಂದೇ ಮಾತು: "ನನ್ನ ಮಗಾನ ಆಕೀನ್ನ ಕರಸಾಕತ್ತಾನ." ಶುಕ್ರವಾರ ಚೆನ್ನಯಣ್ಣನ ಹೆಂಡತಿ ರಾಜೀವಕ್ಕನನ್ನೂ ಚಾಳಿನ ಇನ್ನಷ್ಟು ಹೆಂಗಸರನ್ನೂ ಕರೆದುಕೊಂಡು, ಹಸಿರು ಇಳಕಲ್ ಸೀರೆ ಉಟ್ಟು, ನಾಯಕಿಗೆಂದು ಮಲ್ಲಿಗೆ ಹಾರ ಹಿಡಿದು, ಊಟ ಮುಗಿಸಿದವಳೇ ಹೊರಟಿದ್ದಾಳೆ. ನಾನಾಗಲೇ ಟಾಕೀಸಿನಲ್ಲಿದ್ದೆ.

ಒಂದು ಗಂಟೆಯ ಸುಮಾರಿಗೆ ಟಾಕೀಸಿನ ಆಫೀಸಿಗೆ ಫೋನ್ ಬಂತು. ನಮ್ಮ ಮುಖ್ಯಸ್ಥರು ಕಾಪಡಿಯಾ ಸಾಹೇಬರು ಊಟಕ್ಕೆ ಹೋಗಿದ್ದರು, ನಾನೇ ಎತ್ತಿಕೊಂಡೆ. ನಾಯಕಿಯ ಮನೆಯವರು. ಅವಳು ಗುರುವಾರವೇ ಶೂಟಿಂಗಿಗೆಂದು ಮದ್ರಾಸಿಗೆ ಹೋಗಿದ್ದಾಳೆ, ಸಾಹೇಬರಿಗೆ ಆಗಲೇ ತಿಳಿಸಿದ್ದೇವೆ, ಇವತ್ತು ಮತ್ತೆ ಯಾಕೆ ಕಾರು ಕಳಿಸಿದಿರಿ ಎಂದರು. ಏನೂ ತಿಳಿಯದೆ ಬೆಳಿಗ್ಗೆ ಕಾರು ಕಳಿಸಿದವನು ನಾನೇ. ಸಾಹೇಬರು ಬಂದ ಕೂಡಲೇ ಕೇಳಿದೆ. ಅವರು ಬಾಯಲ್ಲಿನ ಪಾನ್ ಉಗುಳಿ ಬಂದು ತಣ್ಣಗೆ ಹೇಳಿದರು, "ಗೊತ್ತು. ಎಲ್ಲಾ ವ್ಯವಸ್ಥೆ ಆಗಿದೆ." ವ್ಯವಸ್ಥೆ ಏನೆಂದರೆ, ಹಿಂದಿನ ಗಲ್ಲಿಯಲ್ಲಿ ಪರದೆ ಹಾಕಿದ ಕಾರು ನಿಂತಿದೆ. ಅದರಲ್ಲಿ ಅಂಥದೇ ಮೈಕಟ್ಟಿನ ಹುಡುಗಿಯೊಬ್ಬಳನ್ನು ಕೂಡಿಸಿದ್ದಾರೆ, ಅದೇ ಥರದ ಸೀರೆ, ಕಪ್ಪು ಕನ್ನಡಕ. ಕಾರು ಮುಂದಿನ ಬಾಗಿಲ ತನಕ ಬರುವುದು, ಪರದೆ ಸರಿಯುವುದು, ಹುಡುಗಿ ಕೈ ಬೀಸುವುದು, ನಾನು ಡ್ರೈವರನ ಪಕ್ಕದಲ್ಲಿ ಕೂತು ಜನರನ್ನು ಸರಿಸುವುದು, ಗದ್ದಲ ಹೆಚ್ಚಾಯಿತು ಎಂದು ನೆವ ಹೇಳಿ ಕಾರು ಹೊರಟುಹೋಗುವುದು. ನಾನು ಬೇಡವೆಂದೆ. "ಹಾಗಾದರೆ ಹೊರಗೆ ಹೋಗಿ ನೀನೇ ಹೇಳು, ನಿನ್ನ ಚರ್ಮ ಸುಲೀತಾರೆ" ಎಂದು ನಕ್ಕರು.

ನಾನು ಬಾಲ್ಕನಿಯ ಕಿಟಕಿಗೆ ಹೋಗಿ ಕೆಳಗೆ ನೋಡಿದೆ. ಅಷ್ಟು ಜನರನ್ನು ನಾನು ಚೌಪಾಟಿಯ ಸಭೆಗಳಲ್ಲಷ್ಟೇ ಕಂಡಿದ್ದೆ. ಸ್ಟೇಷನ್ ಕಡೆಯಿಂದ ಇನ್ನೂ ಬರುತ್ತಲೇ ಇದ್ದರು. ಗೇಟು ತೆರೆದಿರಲಿಲ್ಲ. ಹೆಂಗಸರ ಸಾಲು ಟಾಕೀಸಿನ ಪಕ್ಕದ ಗೋಡೆಗೂ ಕಬ್ಬಿಣದ ಸರಳಿನ ಕಟಾಂಜನಕ್ಕೂ ನಡುವಿನ ಇಕ್ಕಟ್ಟಿನಲ್ಲಿತ್ತು. ಕಾರು ಅದೇ ಮಗ್ಗುಲಿನಿಂದ ಬರಬೇಕು. ಕಾರು ಕಂಡರೆ ಗಂಡಸರೆಲ್ಲ ಆ ಕಡೆಗೇ ನುಗ್ಗುತ್ತಾರೆ, ಕಟಾಂಜನ ತಡೆಯುವುದಿಲ್ಲ. ಅಷ್ಟರಲ್ಲಿ ಹಸಿರು ಸೀರೆ ಕಾಣಿಸಿತು. ಅವ್ವ ಸಾಲಿನ ಮುಂಭಾಗದಲ್ಲಿ ನಿಂತು, ಹಾರವನ್ನು ಜಜ್ಜದ ಹಾಗೆ ಮೇಲೆತ್ತಿ ಹಿಡಿದು, ಗುರುತು ಪರಿಚಯವಿಲ್ಲದ ಹೆಂಗಸರಿಗೆಲ್ಲ ಏನೋ ಹೇಳಿ ನಗುತ್ತಿದ್ದಳು. ಏನು ಹೇಳುತ್ತಿದ್ದಾಳೆಂದು ನನಗೆ ಕೇಳಿಸದಿದ್ದರೂ ಗೊತ್ತಿತ್ತು.

ಅಷ್ಟು ಕಂಡ ಮೇಲೂ ನಾನು ಏನು ಮಾಡಿದೆ ಗೊತ್ತೇ? ಕೆಳಗಿಳಿದು ಹೋಗಿ ಕಾರಿನಲ್ಲಿ ಕೂತೆ. ಸಾಹೇಬರು ಬಾಗಿಲು ಹಾಕಿದರು, ನಾನು ಕೂತೇ ಇದ್ದೆ. ಹಿಂದಿನ ಸೀಟಿನ ಹುಡುಗಿ ನನ್ನ ಮಾತಿನ ರಾಗ ಕೇಳಿ, ಡ್ರೈವರನಿಗೆ ತಿಳಿಯದ ಹಾಗೆ ಕನ್ನಡದಲ್ಲಿ ಕೇಳಿದಳು, "ನೀವು ನಮ್ಮ ಕಡೆಯವರಾ?" ವಿನೋದಿನಿ ಎಂದು ಹೆಸರು, ಮಂಗಳೂರು ಕಡೆಯವಳು, ಗುಂಪು ಕುಣಿತದಲ್ಲಿ ಹಿಂದಿನ ಸಾಲಿಗೆ ನಿಲ್ಲುವವಳು. "ನನಗೆ ಹೆದರಿಕೆ ಆಗ್ತಾ ಉಂಟು. ಅವರು ಗಾಜಿಗೆ ಮುಖ ಇಟ್ಟು ನೋಡಿದರೆ ನಾನು ಎಂಥ ಮಾಡೂದು? ನನ್ನನ್ನು ಬಿಡ್ತಾರಾ?" ಎಂದಳು. ಕನ್ನಡಕ ತೆಗೆದಿದ್ದಳು. ನಿನಗಿಂತ ಎರಡು ವರ್ಷ ಚಿಕ್ಕವಳಿರಬೇಕು. ಡ್ರೈವರ್ ಗಾಡಿ ಸುರು ಮಾಡಿದ. ಗಲ್ಲಿಯ ತಿರುವು ಬಂತು. ಗದ್ದಲ ಕಿವಿಗೆ ಬಿತ್ತು. ಆಗ ನಾನು ಸ್ಟೀರಿಂಗಿಗೇ ಕೈಹಾಕಿದೆ. "ನಿಲ್ಲಿಸು, ಹಿಂದೆ ತಗೋ, ಇವಳನ್ನು ಮನೆಗೆ ಮುಟ್ಟಿಸು" ಎಂದು ಹೇಳಿ ಇಳಿದು ಓಡಿದೆ. ನನ್ನ ಹಿಂದೆ ಸಾಹೇಬರು ಹೆಸರು ಹಿಡಿದು ಕೂಗುತ್ತಿದ್ದರು.

ನಮ್ಮ ಭೋಂಗಾದ ಟಾಂಗಾ ಗೇಟಿನ ಮುಂದೆಯೇ ಇತ್ತು. ಅದರ ಮೇಲೆ ಹತ್ತಿ ಹಿಂದಿಯಲ್ಲೂ ಮರಾಠಿಯಲ್ಲೂ ಹೇಳಿದೆ: ನಾಯಕಿ ಮುಂಬಯಿಯಲ್ಲೇ ಇಲ್ಲ, ಬರುವುದಿಲ್ಲ, ದಯವಿಟ್ಟು ಹಿಂದೆ ಸರಿಯಿರಿ, ಮೊದಲು ಹೆಂಗಸರಿಗೆ ದಾರಿ ಬಿಡಿ. ಜನ ನಕ್ಕರು, ಚಂದ್ರಾ. ಯಾರೂ ನಂಬಲಿಲ್ಲ! ವಾರವಿಡೀ ಇದೇ ಭೋಂಗಾ ಬರುತ್ತಾಳೆ ಬರುತ್ತಾಳೆ ಎಂದು ಕೂಗಿತ್ತಲ್ಲ. "ಝೂಠಾ! ಇವರು ಅವಳನ್ನು ಹಿಂದಿನ ಬಾಗಿಲಿನಿಂದ ಒಳಗೆ ಒಯ್ಯುತ್ತಾರೆ" ಎಂದು ಒಬ್ಬ ಕೂಗಿದ. ಅಷ್ಟೇ ಸಾಕಾಯಿತು, ಜನವೆಲ್ಲ ಆ ಗೋಡೆಯ ಮಗ್ಗುಲಿಗೇ ವಾಲತೊಡಗಿತು. ನಿಜ ಹೇಳಿ ನಾನೇ ಅವರನ್ನು ಹೆಂಗಸರ ಮೇಲೆ ತಳ್ಳಿದ ಹಾಗಾಯಿತು. ಹೆಂಗಸರೂ ಕದಲಲಿಲ್ಲ. ಸಾಲು ಬಿಟ್ಟರೆ ನೋಡುವುದು ತಪ್ಪುತ್ತದೆಂದು ಕಟಾಂಜನ ಬಿಗಿಹಿಡಿದು ನಿಂತರು. ನನಗೆ ಬೇರೆ ಏನೂ ತೋಚಲಿಲ್ಲ. ಅದೇ ಭೋಂಗಾದಲ್ಲಿ, ಅಷ್ಟು ಜನರ ಮುಂದೆ, ನಮ್ಮ ಮಾತಿನಲ್ಲೇ ಕೂಗಿದೆ: "ಅವ್ವಾ, ಆಕಿ ಬರೂದಿಲ್ಲವ್ವಾ. ನಾ ಬಸವಂತ ಹೇಳಾಕತ್ತೀನಿ. ಮನೀಗೆ ನಡಿ!"

ಅವ್ವ ನನ್ನನ್ನೇ ನೋಡಿದಳು. ಆ ಮುಖ ನನಗೆ ಇನ್ನೂ ನಿದ್ದೆ ಕೊಡುತ್ತಿಲ್ಲ. ಕೈ ಇಳಿಸಿದಳು, ಹಾರವನ್ನು ಕಟಾಂಜನಕ್ಕೆ ಸಿಕ್ಕಿಸಿದಳು, ಸೆರಗು ಬಿಗಿದುಕೊಂಡು ಹಿಂದಕ್ಕೆ ತಿರುಗಿದಳು. ಆಮೇಲೆ ಏನಾಯಿತೆಂದು ರಾಜೀವಕ್ಕ ಹೇಳಿದ್ದು: "ನಡೀರಿ. ನನ್ನ ಮಗಾನ ಬರೂದಿಲ್ಲಂದ ಮ್ಯಾಲ ಮುಗೀತು" ಎಂದಳಂತೆ. ಉಳಿದವರಿಗೆ ಕನ್ನಡ ಎಲ್ಲಿ ತಿಳಿಯಬೇಕು? ಆದರೆ ಅಷ್ಟು ಹೊತ್ತು ರಾಜೀವಕ್ಕನಿಂದ ಹಿಂದಿಯಲ್ಲಿ ಹೇಳಿಸಿ ತನ್ನ ಮಗನೇ ಕರೆಸುವವನು ಎಂದು ಜಂಬ ಕೊಚ್ಚಿದ ಮುದುಕಿಯೇ ಹಾರ ಬಿಟ್ಟು ಹೊರಟಳಲ್ಲ, ಅದು ಎಲ್ಲರಿಗೂ ತಿಳಿಯಿತು. ಒಬ್ಬಳ ಹಿಂದೆ ಒಬ್ಬಳು ಹೊರಟರು. ಕೊನೆಯ ಹೆಂಗಸು ರಸ್ತೆ ಮುಟ್ಟಿದ್ದಳೋ ಇಲ್ಲವೋ, ಕಟಾಂಜನ ದೊಡ್ಡ ಸದ್ದಿನೊಂದಿಗೆ ಗೋಡೆಗೆ ಬಂದು ಬಿತ್ತು. ಅವರು ನಿಂತಿದ್ದ ಜಾಗ ಉಳಿಯಲಿಲ್ಲ. ಸೋಡಾ ಬಾಟಲಿಗಳು ಹಾರಿದವು, ಒಂದು ನನ್ನ ಹುಬ್ಬಿಗೆ ತಗುಲಿತು. ಟಾಕೀಸಿನ ಗಾಜೆಲ್ಲ ಪುಡಿಯಾಯಿತು, ಪೊಲೀಸರು ಲಾಠಿ ಬೀಸಿದರು. ಒಂದು ಜೀವವೂ ಹೋಗಲಿಲ್ಲ. ವಿನೋದಿನಿಯ ಕಾರು ಬಂದ ದಾರಿಯಲ್ಲೇ ತಿರುಗಿ ಹೋಗಿತ್ತು. ರವಿವಾರ ಅವಳು ತಾನೇ ಬಂದು ಅವ್ವನ ಕಾಲು ಮುಟ್ಟಿ ಹೋದಳು.

ಅವತ್ತು ಸಂಜೆ ಹೊಲಿಗೆ ಹಾಕಿಸಿಕೊಂಡು ಇಬ್ಬರೂ ನಡೆದುಕೊಂಡೇ ಬಂದೆವು. ಜೋಗೇಶ್ವರಿ ದಾಟಿದ ಮೇಲೆ ಅವ್ವ ಕೇಳಿದಳು, "ನಿನಗ ಯಾವಾಗ ಗೊತ್ತಾತು?" ಒಂದು ಗಂಟೆಗೆ ಎಂದೆ. "ಮತ್ತ ಅಲ್ಲೀತನಾ ಏನ್ ಮಾಡಾಕತ್ತಿದ್ದಿ?" ಎಂದಳು. ಅವತ್ತಿನಿಂದ ಊಟಕ್ಕೆ ಬಡಿಸುತ್ತಾಳೆ, ಹುಬ್ಬಿಗೆ ಅರಿಷಿಣ ಹಚ್ಚುತ್ತಾಳೆ, ಮಾತು ಎರಡೋ ಮೂರೋ. ನಲ್ಲಿಯ ಹತ್ತಿರ ಹೆಂಗಸರು "ಯಾವಾಗ ಕರಸ್ತಾನ ನಿಮ್ಮ ಮಗ?" ಎಂದು ಚುಚ್ಚುತ್ತಾರಂತೆ. ಇವಳು ಕೊಡ ತುಂಬಿಸಿಕೊಂಡು ಬಂದುಬಿಡುತ್ತಾಳೆ. ಇವತ್ತು ನಿನ್ನ ಪತ್ರವೆಂದ ಮೇಲೆಯೇ ಪಕ್ಕದಲ್ಲಿ ಬಂದು ಕೂತದ್ದು.

ನಿನ್ನೆ ಕಾಪಡಿಯಾ ಸಾಹೇಬರು ಚಾಳಿಗೇ ಬಂದರು. ನಿನ್ನ ಟ್ರಂಕಿನ ಮೇಲೆ ಕೂತು ಅವ್ವ ಕೊಟ್ಟ ಚಹಾ ಕುಡಿದರು. ಕಂಪನಿ ಜನರಿಗೆ ಮೋಸ ಮಾಡಿತು ಎಂದು ಪೇಪರಿನವರು ಬೆನ್ನುಹತ್ತಿದ್ದಾರೆ. ನಾನು ಅವರ ಮುಂದೆ ನಿಂತು, ನಾಯಕಿ ನಿಜವಾಗಿಯೂ ಕಾರಿನಲ್ಲಿದ್ದಳು, ಗದ್ದಲಕ್ಕೆ ಹೆದರಿ ನಾನೇ ತಪ್ಪು ಹೇಳಿದೆ ಎಂದರೆ ಕಂಪನಿಯ ಮಾಲೀಕ ಸೇಠರು ನನ್ನನ್ನು ಕೈಬಿಡುವುದಿಲ್ಲವಂತೆ, ಮೇಲಿನ ಕುರ್ಚಿಗೂ ಏರಿಸುತ್ತಾರಂತೆ. ಇಲ್ಲವಾದರೆ ಸ್ಟುಡಿಯೋ ಕಡೆ ಮುಖ ಹಾಕಬೇಡ ಎಂದರು. ಒಂದು ವಾರದೊಳಗೆ ಫೋನ್ ಮಾಡಿ ಹೇಳಬೇಕು. ಎರಡು ತಿಂಗಳಲ್ಲಿ ಕೂಸು ಬರುತ್ತದೆ. ಈ ಊರಿನಲ್ಲಿ ನನ್ನಂಥ ಬಿ.ಎ.ಗಳು ಪ್ಲಾಟ್‌ಫಾರ್ಮಿನ ತುಂಬ ನಿಂತಿದ್ದಾರೆ. ಯೋಚನೆ ಮಾಡುತ್ತಿದ್ದೇನೆ. ನಿನಗೆ ಏನನ್ನಿಸುತ್ತದೆ, ಬರೆ.

ಮೈ ಜೋಪಾನ. ಹಿರಿಯರಿಗೆಲ್ಲ ನಮ್ಮಿಬ್ಬರ ಶರಣಾರ್ಥಿ, ಓಣಿಯ ಮಕ್ಕಳಿಗೆ ಆಶೀರ್ವಾದ. ಒಳಗಿರುವ ಕೂಸಿಗೆ ಅದರ ಆಯಿ, ನಮ್ಮವ್ವ, ಕೈಯಾರೆ ಹೊಲಿದ ಕುಂಚಿಗೆಯೊಂದು ಕಾಯುತ್ತಿದೆ ಎಂದು ಹೇಳು.

ಸದಾ ನಿನ್ನ ದಾರಿ ನೋಡುವ,
ಬಸವಂತಪ್ಪ

ತಾ.ಕ.: ಟಪಾಲಿನವನು ಪೆಟ್ಟಿಗೆ ತೆರೆಯುವ ಹೊತ್ತಾಯಿತು, ಚೆನ್ನಯಣ್ಣನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿಟ್ಟು ಬರೆಯುತ್ತಿದ್ದೇನೆ. ಈಗಷ್ಟೇ ಇಲ್ಲಿಂದಲೇ ಫೋನ್ ಮಾಡಿ ಸಾಹೇಬರಿಗೆ ಆಗುವುದಿಲ್ಲ ಎಂದೆ. ಕೆಲಸ ಹೋಯಿತು, ಚಂದ್ರಾ. ನಿನ್ನ ಉತ್ತರಕ್ಕೆ ಕಾಯಬೇಕಿತ್ತು, ಕಾಯಲಿಲ್ಲ. ಕಾದಿದ್ದರೆ ನಿನ್ನ ಹೆಸರಿನಲ್ಲಿ, ಕೂಸಿನ ಹೆಸರಿನಲ್ಲಿ ಹೂಂ ಅಂದುಬಿಡುತ್ತಿದ್ದೆ. ಭಾಂಡುಪ್‌ನ ಒಂದು ಕಾರ್ಖಾನೆಯಲ್ಲಿ ಜಾಗ ಇದೆಯಂತೆ, ನಾಳೆ ಹೋಗಿ ನೋಡುತ್ತೇನೆ, ಖಾತ್ರಿಯಿಲ್ಲ. ನಿಮ್ಮಣ್ಣನಿಗೆ ನೀನೇ ಹೇಳು, ಬೇರೆಯವರ ಬಾಯಿಂದ ಕೇಳುವುದು ಬೇಡ. ಸಿಟ್ಟು ಬಂದರೆ ಬರೆದು ಬೈಯಿ, ಎಷ್ಟು ಬೇಕಾದರೂ ಬೈಯಿ. ಸುಮ್ಮನೆ ಮಾತ್ರ ಇರಬೇಡ.