ಗಂಧ ಹಚ್ಚಿದ ಕತ್ತಿಗೆ ಪರೀಕ್ಷೆ ಬೇಡವೇ?

ಮೈದಾನದ ಕಾರ್ಯಕ್ರಮಗಳಿಗೆ ಅನುಮತಿ ಕೊಡುವ ಮಾನ್ಯ ಅಧಿಕಾರಿಗಳೇ,

ಕಳೆದ ದಸರೆಗೆ ಗೋರೆಗಾಂವ್‌ನಲ್ಲಿ ಅಬ್ಬಕ್ಕ ರಾಣಿಯ ಯುದ್ಧವನ್ನು ಮರಳಿ ಆಡಿ ತೋರಿಸುವಾಗ ನನ್ನ ತಮ್ಮ ಸಂದೀಪನ ಎಡಗಣ್ಣು ಹೋಯಿತು. ಈ ದಸರೆಗೂ ಅದೇ ಯುದ್ಧಕ್ಕೆ ನೀವು ಅನುಮತಿ ಕೊಟ್ಟಿದ್ದೀರಿ. ನಿಮಗೆ ಕನ್ನಡ ಬಾರದೆಂದು ಬಲ್ಲೆ. ಮರಾಠಿಯಲ್ಲಿ ಕೊಟ್ಟ ಅರ್ಜಿಯನ್ನೂ ನೀವು ಓದಿಲ್ಲವಾದ್ದರಿಂದ ನಷ್ಟವೇನೂ ಇಲ್ಲ.

ಈ ಯುದ್ಧ ಆಡುವ ನಮ್ಮ ಊರವರ ತಂಡದ ಕ್ರಮ ಹೇಳುತ್ತೇನೆ. ಆಯುಧಪೂಜೆಯ ದಿನ ಕತ್ತಿಗಳನ್ನು ಸಾಲಾಗಿ ಇಟ್ಟು, ಅಲಗು ಹಿಡಿಗೆ ಕೂಡುವ ಸಂದಿಗೆ ಗಂಧ, ಕುಂಕುಮ ಮೆತ್ತುತ್ತಾರೆ. ಮರುದಿನ ಯುದ್ಧ ಶುರುವಾಗುವವರೆಗೆ ಅದನ್ನು ಯಾರೂ ಒರೆಸುವಂತಿಲ್ಲ. ವರ್ಷವರ್ಷವೂ ಹಸಿ ಗಂಧ ಕುಡಿದ ಆ ಸಂದು ಒಳಗೇ ತುಕ್ಕು ಹಿಡಿದಿತ್ತು; ಬಿರುಕಿನೊಳಗೆ ಕುಂಕುಮ ತುಂಬಿ ಹೊರಗೆ ಲಕ್ಷಣವಾಗಿಯೇ ಕಾಣುತ್ತಿತ್ತು. ಮೊದಲ ಪೆಟ್ಟಿಗೇ ರಾಣಿಯ ಕತ್ತಿಯ ಅಲಗು ಕಳಚಿ, ಪೋರ್ಚುಗೀಸ್ ಕಪ್ತಾನನ ವೇಷದಲ್ಲಿದ್ದ ಸಂದೀಪನ ಮುಖಕ್ಕೆ ಬಡಿಯಿತು. ಕತ್ತಿಯನ್ನು ಯಾರಾದರೂ ಪರೀಕ್ಷಿಸಿದ್ದರೇ ಎಂದು ತಂಡ ಕಟ್ಟಿದ ಚೆನ್ನಯಣ್ಣನನ್ನು ಆಸ್ಪತ್ರೆಯಲ್ಲಿ ಕೇಳಿದೆ.

"ಪೂಜೆ ಆದ ಕತ್ತಿ ಅಲ್ವಾ ಶೀಲಾ, ಅದನ್ನು ಮತ್ತೆ ನೋಡ್ಲಿಕ್ಕೆ ಎಂತ ಉಂಟು?" ಎಂದರು. ಅವರು ಕೆಟ್ಟವರಲ್ಲ, ನನಗಿಂತ ಹೆಚ್ಚು ಅತ್ತವರು.

ಆದರೆ ನೀವು? ಇದು ನಾಟಕವೇ, ಕ್ರೀಡೆಯೇ, ಮೆರವಣಿಗೆಯೇ ಎಂದು ನಿಮ್ಮ ಕಚೇರಿಯವರು ಕೇಳಿದರು. ನಾಟಕವಾದರೆ ಕತ್ತಿ ರಟ್ಟಿನದಿರಬೇಕಂತೆ, ಕ್ರೀಡೆಯಾದರೆ ಬೇರೆ ಇಲಾಖೆಯಂತೆ, ಮೆರವಣಿಗೆಯಾದರೆ ಪೊಲೀಸರಂತೆ. ಮೂರೂ ಅಲ್ಲದ್ದರಿಂದ ನಿಯಮವಿಲ್ಲ. ನಿಯಮವಿಲ್ಲದ್ದರಿಂದ ತಪ್ಪೂ ಇಲ್ಲ! ಧ್ವನಿವರ್ಧಕ ಎಷ್ಟು ಜೋರಾಗಿರಬೇಕು ಎಂಬುದಕ್ಕೆ ಮಾತ್ರ ನಿಮ್ಮಲ್ಲಿ ನಿಯಮವಿದೆ. ಕಿವಿಯ ಮೇಲಿರುವ ಕಾಳಜಿ ಕಣ್ಣಿನ ಮೇಲೆ ಯಾಕಿಲ್ಲ, ಮಾನ್ಯರೇ?

ಸಂದೀಪ ಫೋರ್ಟ್ ಬಡಾವಣೆಯ ಹೋಟೆಲೊಂದರಲ್ಲಿ ದೋಸೆ ಹೊಯ್ಯುತ್ತಿದ್ದವನು. "ಕಾವಲಿ ಎಷ್ಟು ದೂರ ಉಂಟು ಅಂತ ಕೈಗೆ ಗೊತ್ತಾಗುದಿಲ್ಲ ಅಕ್ಕ" ಎನ್ನುತ್ತಾನೆ. ಈಗ ಗ್ರೈಂಡರಿನ ಮುಂದೆ ಕೂರಿಸಿದ್ದಾರೆ. ಈ ಸಲವೂ ತಂಡದವರು ಅವನನ್ನೇ ಕಪ್ತಾನನ ವೇಷಕ್ಕೆ ಕರೆದಿದ್ದಾರೆ. ಒಕ್ಕಣ್ಣ ಕಪ್ತಾನ ಇನ್ನೂ ಚೆನ್ನಾಗಿ ಕಾಣುತ್ತಾನಂತೆ. ಅವನು ನಕ್ಕು ಒಪ್ಪಿದ್ದಾನೆ. ವರ್ಷವಿಡೀ ಹಿಟ್ಟು ರುಬ್ಬುವವನಿಗೆ ಒಂದು ದಿನದ ಚಪ್ಪಾಳೆಯನ್ನೂ ಬೇಡವೆನ್ನಲು ನನ್ನಿಂದ ಆಗಲಿಲ್ಲ. ಅವನಿಗೆ ಉಳಿದಿರುವುದು ಒಂದೇ ಕಣ್ಣು. ನನಗೆ ಹೆದರಿಕೆಯಾಗುತ್ತಿದೆ.

ಇಂಥ ತಂಡಗಳನ್ನೆಲ್ಲ ಒಂದೆಡೆ ಕೂರಿಸಿ ನಿಯಮ ಮಾಡಿ ಎಂಬುದೇ ನನ್ನ ಆಗ್ರಹ. ಅಲಗು ಮೊಂಡಾಗಿರಲಿ, ಮುಖಕ್ಕೆ ರಕ್ಷಣೆ ಇರಲಿ, ಗಂಧ ಒರೆಸಿ ಹಿಡಿಯನ್ನು ನೋಡುವವರೊಬ್ಬರು ಮೈದಾನದಲ್ಲಿರಲಿ. ನೀವು ಮಾಡುವುದಿಲ್ಲ. ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ಆಮಂತ್ರಣ ಪತ್ರಿಕೆ ನೋಡಿದೆ. ಮುಖ್ಯ ಅತಿಥಿ ನೀವೇ. ಯುದ್ಧಕ್ಕೆ ಮುನ್ನ ಅತಿಥಿಗಳ ಕೈಗೆ ರಾಣಿಯ ಕತ್ತಿ ಕೊಟ್ಟು ಮೇಲೆತ್ತಿಸುವುದು ನಮ್ಮಲ್ಲಿ ಪದ್ಧತಿ. ಅದೇ ಕತ್ತಿ, ಬೆಸುಗೆ ಹಾಕಿಸಿದ್ದಾರೆ, ಮೇಲೆ ಮತ್ತೆ ಗಂಧ ಹಚ್ಚುತ್ತಾರೆ. ಸಂದೀಪ ನಿಮ್ಮ ಪಕ್ಕದಲ್ಲೇ ನಿಂತಿರುತ್ತಾನೆ. ಎತ್ತುವ ಮುನ್ನ ಹಿಡಿಯನ್ನು ಒಮ್ಮೆ ಎಳೆದು ನೋಡಿ.

ಇಂತಿ,
ಕಳೆದ ಸಲದಂತೆ ಅಂದೂ ಮೊದಲ ಸಾಲಿನಲ್ಲಿ ಕೂರಲಿರುವ ಅಕ್ಕ,
ಶೀಲಾವತಿ